ಇದ್ದದ್ದಕ್ಕೆ ಕಾಗದ



ಜಿಲ್ಲಾಧಿಕಾರಿಗಳ ಕಚೇರಿಗೆ ಜನ ಯಾತಕ್ಕೆ ಹೋಗುತ್ತಾರೆ ಎಂದು ಕೇಳಿದರೆ ಜಮೀನಿನ ತಕರಾರು, ಬಂದೂಕಿನ ಲೈಸೆನ್ಸು, ಬೆಳೆ ಪರಿಹಾರ ಎಂದು ಯಾರಾದರೂ ಹೇಳಿಯಾರು. ಅದೇ ಕಚೇರಿಯ ಒಂದು ಮೇಜಿನ ಮೇಲೆ ಭಾರತದ ಪೌರತ್ವ ಬೇಡಿ ಬಂದ ಅರ್ಜಿಗಳೂ ಇರುತ್ತವೆ ಎಂಬುದು ಹೆಚ್ಚಿನವರಿಗೆ ತಿಳಿಯದು. ಅರ್ಜಿಯನ್ನು ಈಗ ಕಂಪ್ಯೂಟರಿನಲ್ಲೇ ಹಾಕಬೇಕು. ಆದರೂ ಮೂಲ ದಾಖಲೆಗಳನ್ನು ಹಿಡಿದು ನೋಡುವುದು, ವಿಚಾರಣೆ ಮಾಡಿಸುವುದು ಜಿಲ್ಲಾ ಕಚೇರಿಯ ಕೆಲಸ. ಅಲ್ಲಿಂದ ಅದು ಪೊಲೀಸ್ ಠಾಣೆಗೂ ತಾಲ್ಲೂಕು ಕಚೇರಿಗೂ ಇಳಿಯುತ್ತದೆ, ವರದಿ ಹೊತ್ತು ಮತ್ತೆ ಮೇಲೆ ಬರುತ್ತದೆ, ರಾಜ್ಯ ಸರ್ಕಾರವನ್ನು ದಾಟಿ ದೆಹಲಿಯ ಗೃಹ ಸಚಿವಾಲಯ ಸೇರುತ್ತದೆ. ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿದವನಾಗಿ ಇಂಥ ಕಡತಗಳ ಮೇಲೆ ಷರಾ ಬರೆದವನು ನಾನು. ಈ ಹೊತ್ತು ಆ ಕಡತದ ಒಂದು ಭಾಗದ ಬಗ್ಗೆ ಮಾತ್ರ ಮಾತಾಡುತ್ತೇನೆ. ಅದು ವಾಸದ ಪುರಾವೆ.

ಕಾಯ್ದೆಯ ಮಾತು ಬಹಳ ಸರಳವಾಗಿದೆ. 1955ರ ಪೌರತ್ವ ಕಾಯ್ದೆಯ 5ನೇ ಕಲಮಿನ ಪ್ರಕಾರ, ಭಾರತೀಯರನ್ನು ಮದುವೆಯಾಗಿ ಇಲ್ಲಿ 7 ವರ್ಷ ನೆಲೆಸಿದ ವಿದೇಶಿಯರು ನೋಂದಣಿಯ ಮೂಲಕ ಪೌರತ್ವ ಕೇಳಬಹುದು. ಆ 7 ವರ್ಷವನ್ನು ಎಣಿಸುವ ರೀತಿ ಹೀಗಿದೆ: ಅರ್ಜಿ ಹಾಕುವ ದಿನದಿಂದ ಹಿಂದಕ್ಕೆ 12 ತಿಂಗಳು ಎಡೆಬಿಡದೆ ಇಲ್ಲಿರಬೇಕು, ಅದಕ್ಕೂ ಹಿಂದಿನ 8 ವರ್ಷಗಳಲ್ಲಿ ಒಟ್ಟು ಸೇರಿ 6 ವರ್ಷ ಇದ್ದಿರಬೇಕು. ಇಂಥ ನಂಟು ಯಾವುದೂ ಇಲ್ಲದ ವಿದೇಶಿಯರಿಗೆ 6ನೇ ಕಲಮು ಇದೆ. ಅವರೂ ಕೊನೆಯ 12 ತಿಂಗಳು ಸತತವಾಗಿ ಇರಬೇಕು, ಅದರ ಹಿಂದಿನ 14 ವರ್ಷಗಳಲ್ಲಿ 11 ವರ್ಷ ಇದ್ದಿರಬೇಕು. ಜೊತೆಗೆ ಸಂವಿಧಾನದ ಎಂಟನೇ ಅನುಸೂಚಿಯಲ್ಲಿರುವ ಒಂದು ಭಾಷೆ ತಕ್ಕಮಟ್ಟಿಗೆ ಬರಬೇಕು. ಕನ್ನಡ ಬಂದರೆ ಸಾಕು ಎಂದ ಹಾಗಾಯಿತು. ಇದನ್ನು ಕೇಳಿದರೆ ನನಗೆ ಈಗಲೂ ಒಳಗೊಳಗೇ ಖುಷಿ. 12 ತಿಂಗಳ ನಡುವೆ ತಾಯಿಗೆ ಹುಷಾರಿಲ್ಲವೆಂದೋ ಮತ್ತೇನೋ ಆಗಿ ದೇಶ ಬಿಟ್ಟು ಹೋಗಿಬಂದರೆ ಏನು ಗತಿ? 2015ರ ತಿದ್ದುಪಡಿ ಅದಕ್ಕೊಂದು ದಾರಿ ಇಟ್ಟಿದೆ. ವಿಶೇಷ ಕಾರಣವಿದ್ದರೆ, ಆ ಕಾರಣವನ್ನು ಬರೆದಿಟ್ಟು, 30 ದಿನಗಳವರೆಗೆ ಸರ್ಕಾರ ಸಡಿಲಿಸಬಹುದು.

ಲೆಕ್ಕ ಇಷ್ಟೇ. ತೊಡಕು ಶುರುವಾಗುವುದು ಲೆಕ್ಕಕ್ಕೆ ರುಜುವಾತು ಕೊಡುವಾಗ. ಒಬ್ಬ ಮನುಷ್ಯ ಒಂದು ಊರಲ್ಲಿ ಒಂಬತ್ತು ವರ್ಷ ಉಂಡು, ಮಲಗಿ, ಜ್ವರ ಬಂದು, ಜಾತ್ರೆ ನೋಡಿ ಬದುಕಿದರೆ ಅದಷ್ಟೂ ಊರಿಗೆ ಗೊತ್ತು. ಕಚೇರಿಗೆ ಗೊತ್ತಾಗಬೇಕಾದರೆ ಕಾಗದ ಬೇಕು. ಕಾಗದ ಹುಟ್ಟುವುದು ಯಾವಾಗ? ಹಣ ಕೈ ಬದಲಾದಾಗ, ಇಲ್ಲವೇ ಸರ್ಕಾರ ಒಂದು ಸಲ ಮುಟ್ಟಿದಾಗ. ಮನೆ ಯಾರ ಹೆಸರಲ್ಲಿದೆ, ಕರೆಂಟು ಯಾರ ಹೆಸರಲ್ಲಿದೆ, ಗ್ಯಾಸು ಯಾರ ಹೆಸರಲ್ಲಿದೆ ಎಂದು ನೋಡುತ್ತಾ ಹೋದರೆ, ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಇರುವವರ ಹೆಸರೇ ಯಾವ ಕಾಗದದಲ್ಲೂ ಇರುವುದಿಲ್ಲ. ಸೊಸೆಯಂದಿರನ್ನು ನೆನೆದು ಹೇಳುತ್ತಿದ್ದೇನೆ.

ಒಂದು ಕಡತವನ್ನೇ ಬಿಡಿಸಿ ನೋಡೋಣ. ಹೆಸರು, ಊರು ಬೇಡ. ಕರಾವಳಿಯ ಹುಡುಗ ಕುವೈತಿಗೆ ದುಡಿಯಲು ಹೋದವನು ಅಲ್ಲಿ ನರ್ಸ್ ಆಗಿದ್ದ ಫಿಲಿಪೀನ್ಸಿನ ಹೆಣ್ಣುಮಗಳನ್ನು ಮದುವೆಯಾದ. ಆಕೆ ಗಂಡನ ಮನೆಗೆ ಬಂದು ನೆಲೆಸಿದಳು. ಗಂಡ ವರ್ಷಕ್ಕೊಮ್ಮೆ ರಜೆಯಲ್ಲಿ ಬಂದುಹೋಗುತ್ತಿದ್ದ. ಆಕೆ ಮೀನಿನ ಗಸಿ ಮಾಡಲು ಕಲಿತಳು, ತುಳು ಕಲಿತಳು, ಕನ್ನಡ ಓದಲು ಕಲಿತಳು, ಎರಡು ಮಕ್ಕಳ ತಾಯಿಯಾದಳು. ಅರ್ಜಿ ಹಾಕಿದಾಗ ಕಚೇರಿ ಕೇಳಿತು: ನೀವು ಇಲ್ಲಿ ಇದ್ದಿರಿ ಎನ್ನುವುದಕ್ಕೆ ಏನಿದೆ?

ಮನೆಯ ಕಾಗದಗಳನ್ನೆಲ್ಲ ಹುಡುಕಿದರು. ಮೆಸ್ಕಾಂ ಬಿಲ್ಲು ತೀರಿಹೋದ ಮಾವನ ಹೆಸರಲ್ಲಿತ್ತು; ಹೆಸರು ಬದಲಾಯಿಸುವ ಗೊಡವೆಗೆ ಯಾರೂ ಹೋಗಿರಲಿಲ್ಲ. ಪಡಿತರ ಚೀಟಿ ಅತ್ತೆಯ ಹೆಸರಲ್ಲಿತ್ತು. ಆಹಾರ ಭದ್ರತಾ ಕಾಯ್ದೆ ಮನೆಯ ಹಿರಿಯ ಹೆಂಗಸನ್ನೇ ಯಜಮಾನಿ ಎಂದು ಹೇಳುತ್ತದೆ, ಅದು ಒಳ್ಳೆಯದೇ. ಆದರೆ ವಿದೇಶಿ ಸೊಸೆ ಆ ಚೀಟಿಯೊಳಗೆ ಬರುವುದಿಲ್ಲ. ಮನೆ ತೆರಿಗೆ ಗಂಡನ ಅಣ್ಣನ ಹೆಸರಲ್ಲಿತ್ತು. ಗ್ಯಾಸು, ಫೋನು ಎರಡೂ ಗಂಡನ ಹೆಸರಲ್ಲಿ. ಆಕೆಯ ಹೆಸರಿದ್ದದ್ದು ಪೊಲೀಸ್ ವರಿಷ್ಠಾಧಿಕಾರಿ ಕಚೇರಿ ಕೊಟ್ಟ ವಾಸದ ಪರವಾನಗಿಯಲ್ಲಿ ಮಾತ್ರ. ಜಿಲ್ಲೆಗಳಲ್ಲಿ ಎಸ್.ಪಿ.ಯವರೇ ವಿದೇಶಿಯರ ನೋಂದಣಿ ಅಧಿಕಾರಿ. ಆ ಪರವಾನಗಿ ಒಳ್ಳೆಯ ದಾಖಲೆ, ನಿಜ. ಆದರೆ ಅದು ಹೇಳುವುದು ಇರಲು ಅನುಮತಿ ಇತ್ತು ಎಂದು. ಇದ್ದಳೋ ಇಲ್ಲವೋ ಎಂದು ಅದು ಹೇಳುವುದಿಲ್ಲ. ಅನುಮತಿ ಪಡೆದು ಅರ್ಧ ವರ್ಷ ಗಂಡನ ಜೊತೆ ಕುವೈತಿನಲ್ಲೇ ಇದ್ದಿರಬಹುದಲ್ಲ ಎನ್ನುವುದು ಕಚೇರಿಯ ಅನುಮಾನ. ಅನುಮಾನ ತಪ್ಪಲ್ಲ. ಅದು ಅವರ ಕೆಲಸ.

ಸ್ಥಳ ತನಿಖೆಗೆ ಹೋದವರ ಎದುರು ಅತ್ತೆ ಸಿಟ್ಟಾದರು. "ಇವಳು ಬಂದ ಮೇಲೆ ನಾನು ಒಲೆಯ ಹತ್ತಿರ ಹೋದದ್ದೇ ಇಲ್ಲ ಮಾರಾಯ್ರೇ. ಮತ್ತೆ ಎಲ್ಲಿ ಇದ್ದಳು ಅಂತ ನನ್ನ ಹತ್ರ ಕೇಳ್ತೀರಲ್ಲ!" ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಆದರೆ ಮನೆಯವರ ಮಾತನ್ನು ಮಹಜರಿನಲ್ಲಿ ಬರೆದುಕೊಂಡರೂ ಅದಕ್ಕೆ ಕಾಗದದ ಒತ್ತಾಸೆ ಕೇಳುತ್ತಾರೆ.

ಕೊನೆಗೆ ಆಕೆಯ ಕೈಹಿಡಿದದ್ದು ತಾಯಿ ಕಾರ್ಡು. ಬಸುರಿ ಹೆಂಗಸರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದವರು ಕೊಡುವ ಕಾರ್ಡು ನಿಮಗೆಲ್ಲ ಗೊತ್ತು. ಮಗುವಿಗೆ ಚುಚ್ಚುಮದ್ದು ಮುಗಿದ ಮೇಲೆ ಅದು ಹಾಸಿಗೆಯ ಅಡಿಗೋ ಅಕ್ಕಿ ಡಬ್ಬಿಯ ಹಿಂದಕ್ಕೋ ಹೋಗುತ್ತದೆ. ಆಕೆಯದು ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿತ್ತು. ಬಿಡಿಸಿದರೆ ತಿಂಗಳು ತಿಂಗಳಿನ ಕಲಮುಗಳು: ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ನು, ಕಬ್ಬಿಣಾಂಶದ ಮಾತ್ರೆ ಕೊಟ್ಟದ್ದು. ಪ್ರತಿಯೊಂದರ ಎದುರು ತಾರೀಕು, ಆರೋಗ್ಯ ಸಹಾಯಕಿಯ ಚಿಕ್ಕ ರುಜು. ಆಮೇಲೆ ಮಗುವಿನ ಸರದಿ: ಒಂದೂವರೆ ತಿಂಗಳಿಗೆ, ಎರಡೂವರೆಗೆ, ಮೂರೂವರೆಗೆ, ಒಂಬತ್ತನೇ ತಿಂಗಳಿಗೆ, ಒಂದೂವರೆ ವರ್ಷ ದಾಟಿದ ಮೇಲೆ. ಎರಡನೇ ಮಗುವಿಗೆ ಇನ್ನೊಂದು ಕಾರ್ಡು. ಎರಡು ಕಾರ್ಡು ಸೇರಿಸಿದರೆ ಆಕೆ ಆ ಊರಲ್ಲಿ ನಿಂತ ನೆಲ ತಿಂಗಳು ತಿಂಗಳಿಗೆ ಕಾಣುತ್ತಿತ್ತು. ನಡುವೆ ಖಾಲಿ ಬಿದ್ದ ವರ್ಷಗಳಿಗೆ ಬ್ಯಾಂಕಿನ ಪಾಸ್‌ಬುಕ್ಕು ಬಂತು. ಗಂಡ ಕಳಿಸಿದ ಹಣ ಜಮೆಯಾದದ್ದು ಸಾಕ್ಷಿಯಾಗುವುದಿಲ್ಲ, ಅದನ್ನು ಎಲ್ಲಿಂದ ಬೇಕಾದರೂ ಕಳಿಸಬಹುದು, ಖಾತೆದಾರರು ಎಲ್ಲಿದ್ದರೂ ಜಮೆಯಾಗುತ್ತದೆ. ಆದರೆ ಅದೇ ಊರಿನ ಶಾಖೆಯಲ್ಲಿ ಚೆಕ್ಕು ಬರೆದು ನಗದು ಬಿಡಿಸಿದ ನಮೂದು ಸಾಕ್ಷಿಯಾಗುತ್ತದೆ. ಮಕ್ಕಳ ಶಾಲೆಯ ಪೋಷಕರ ಸಭೆಯ ಪುಸ್ತಕದಲ್ಲಿ ಆಕೆಯ ರುಜು ಇತ್ತು, ಕನ್ನಡದಲ್ಲಿ. ತಾಯಿ ಸತ್ತಾಗ ಮನಿಲಾಕ್ಕೆ ಮೂರು ವಾರ ಹೋಗಿದ್ದು ಪಾಸ್‌ಪೋರ್ಟಿನ ಮುದ್ರೆಯಲ್ಲೇ ಇತ್ತು, ಅದನ್ನು ಮುಚ್ಚಿಡದೆ ಅರ್ಜಿಯಲ್ಲೂ ಬರೆದಿದ್ದರು. 30 ದಿನದ ಸಡಿಲಿಕೆಯೊಳಗೆ ಅದು ಬಂತು.

ಈ ಕಡತದಲ್ಲಿ ಇನ್ನೊಂದು ತಮಾಷೆ ಇತ್ತು. ಹೆಂಡತಿ ಇಲ್ಲಿದ್ದಳು ಎಂದು ಸಾಬೀತಾಯಿತು, ಸರಿ. ಗಂಡ ಭಾರತೀಯ ಎನ್ನುವುದಕ್ಕೂ ಪುರಾವೆ ಬೇಕು! ಆತನಿಗೆ ಪಾಸ್‌ಪೋರ್ಟು ಇತ್ತು, ಬಚಾವಾದ. ಪಾಸ್‌ಪೋರ್ಟೂ ಇಲ್ಲದೆ, ಜನನ ಪ್ರಮಾಣಪತ್ರವೂ ಇಲ್ಲದೆ ಮುಖ ಮುಖ ನೋಡಿದ ಗಂಡಂದಿರೂ ಇದ್ದಾರೆ. ನಮ್ಮ ಕಡೆ ಹಳಬರ ಹುಟ್ಟಿದ ದಿನ ಎಂದರೆ ಹೆಡ್‌ಮಾಸ್ತರು ಬರೆದುಕೊಂಡ ದಿನ. ಜೂನ್ 1ಕ್ಕೆ ಹುಟ್ಟಿದವರು ಕರ್ನಾಟಕದಲ್ಲಿ ಎಷ್ಟು ಮಂದಿ ಎಂದು ಯಾವ ಶಾಲೆಯ ದಾಖಲಾತಿ ಪುಸ್ತಕ ತೆಗೆದರೂ ಗೊತ್ತಾಗುತ್ತದೆ.

ಇಲ್ಲಿ ಕೆಲವು ಮಾತು ಬಿಡಿಸಿ ಹೇಳಬೇಕು. ಆಧಾರ್ ಇದ್ದರೆ ಆಯಿತು ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಆಧಾರ್ ಕಾಯ್ದೆಯ 9ನೇ ಕಲಮು ಸ್ಪಷ್ಟವಾಗಿ ಹೇಳಿದೆ: ಆ ಸಂಖ್ಯೆ ಪೌರತ್ವಕ್ಕಾಗಲಿ ನೆಲಸಿಕೆಗಾಗಲಿ ತಾನೇ ಪುರಾವೆಯಲ್ಲ. ವರ್ಷದಲ್ಲಿ 182 ದಿನ ಇಲ್ಲಿದ್ದ ವಿದೇಶಿಯರೂ ಆಧಾರ್ ಪಡೆಯಬಹುದು. ಆದ್ದರಿಂದ ಬೇರೆ ಕಾಗದಗಳ ಜೊತೆ ಅದನ್ನು ಇಡಬಹುದು, ಅದೊಂದನ್ನೇ ನೆಚ್ಚಿ ಕೂರಬಾರದು.

ಮತದಾರರ ಚೀಟಿಯ ವಿಷಯ ಇದಕ್ಕಿಂತ ಗಂಭೀರ. ಪುರಾವೆ ಹೆಚ್ಚಾದಷ್ಟೂ ಒಳ್ಳೆಯದು ಎಂದು ಕೆಲವರು ಮತದಾರರ ಚೀಟಿಯನ್ನೂ ಹೇಗೋ ಮಾಡಿಸಿ ಕಡತಕ್ಕೆ ಸೇರಿಸುತ್ತಾರೆ. ಊರಿನ ಪುಢಾರಿಯೊಬ್ಬ ಉಪಕಾರ ಮಾಡಿದೆನೆಂದು ಮಾಡಿಸಿಕೊಟ್ಟಿರುತ್ತಾನೆ. ಪೌರರಲ್ಲದವರು ಮತದಾರರಾಗುವಂತಿಲ್ಲ, ಸುಳ್ಳು ಘೋಷಣೆ ಕೊಟ್ಟರೆ 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯಡಿ ಒಂದು ವರ್ಷದವರೆಗೆ ಸೆರೆವಾಸ ಆಗಬಹುದು. ಪೌರತ್ವ ಕೊಡಿ ಎನ್ನುವ ಅರ್ಜಿಯ ಜೊತೆಗೆ ಪೌರರೆಂದು ಹೇಳಿಕೊಂಡ ಚೀಟಿ ಇಟ್ಟರೆ ಕಡತ ಅಲ್ಲಿಗೇ ನಿಲ್ಲುತ್ತದೆ.

ಹೆಸರಿನ ವ್ಯತ್ಯಾಸದ ಕಾಟ ಇದ್ದೇ ಇದೆ. ಪಾಸ್‌ಪೋರ್ಟಿನಲ್ಲಿ ಮೂರು ಪದದ ಹೆಸರು, ಆಸ್ಪತ್ರೆಯಲ್ಲಿ ಒಂದೇ ಪದ, ಶಾಲೆಯಲ್ಲಿ ಅತ್ತೆ ಇಟ್ಟ ಹೆಸರು. ಛಾಪಾ ಕಾಗದದ ಮೇಲೆ ಎಲ್ಲ ಹೆಸರೂ ನನ್ನವೇ ಎಂದು ಅಫಿಡವಿಟ್ ಮಾಡಿಸಿ ನೋಟರಿಯ ಮೊಹರು ಹಾಕಿಸಿದರೆ ಸಣ್ಣ ವ್ಯತ್ಯಾಸ ಸರಿಹೋಗುತ್ತದೆ. ಕಾಗುಣಿತ ತಪ್ಪಿದ್ದಕ್ಕೆಲ್ಲ ಹಿಂಬರಹ ಕೊಟ್ಟು ಕಳಿಸುವ ಗುಮಾಸ್ತರೂ ಇದ್ದಾರೆ. ಅವರಿಗೆ ನನ್ನ ಮರ್ಯಾದೆ ಇಲ್ಲ.

ಈಗ ನಮ್ಮ ರಾಜ್ಯದಲ್ಲೇ ಇರುವ, ಇವೆಲ್ಲಕ್ಕಿಂತ ದೊಡ್ಡ ವಿಷಯಕ್ಕೆ ಬರುತ್ತೇನೆ. ಮೈಸೂರಿನಿಂದ ಮಡಿಕೇರಿಗೆ ಹೋಗುವವರು ಬೈಲಕುಪ್ಪೆಯನ್ನು ಹಾದೇ ಹೋಗುತ್ತಾರೆ. 1959ರಲ್ಲಿ ದಲಾಯಿ ಲಾಮಾ ಭಾರತಕ್ಕೆ ಬಂದ ಮೇಲೆ ಅವರ ಹಿಂದೆ ಬಂದ ಟಿಬೆಟಿಯನ್ನರಿಗೆ ಅಂದಿನ ಮೈಸೂರು ಸರ್ಕಾರ ಪಿರಿಯಾಪಟ್ಟಣದ ಬಳಿ ಸುಮಾರು 3,000 ಎಕರೆ ಕಾಡು ನೆಲ ಬಿಟ್ಟುಕೊಟ್ಟಿತು. ಆಮೇಲೆ ಮುಂಡಗೋಡ, ಹುಣಸೂರಿನ ಗುರುಪುರ, ಕೊಳ್ಳೇಗಾಲದಾಚೆಯ ಒಡೆಯರಪಾಳ್ಯ, ಬೈಲಕುಪ್ಪೆಯಲ್ಲೇ ಇನ್ನೊಂದು, ಹೀಗೆ ವಸಾಹತುಗಳು ಬೆಳೆದವು. ಕಾಡು ಕಡಿದು ಮುಸುಕಿನ ಜೋಳ ಬೆಳೆದವರ ಮೊಮ್ಮಕ್ಕಳು ಇಂದು ಮೈಸೂರಿನ ಕಾಲೇಜುಗಳಲ್ಲಿ ಓದುತ್ತಾರೆ, ನಮ್ಮ ನಿಮ್ಮ ಹಾಗೆಯೇ ಕನ್ನಡ ಮಾತಾಡುತ್ತಾರೆ.

ವಾಸಕ್ಕೆ ಇವರಿಗಿಂತ ಗಟ್ಟಿ ದಾಖಲೆ ಯಾರ ಹತ್ತಿರವೂ ಇಲ್ಲ. ಅದನ್ನು ಆರ್‌ಸಿ ಎನ್ನುತ್ತಾರೆ, ವಿದೇಶಿಯರ ನೋಂದಣಿ ಪುಸ್ತಕ. ವಯಸ್ಸಾದವರೊಬ್ಬರ ಆರ್‌ಸಿ ಕೈಯಲ್ಲಿ ಹಿಡಿದರೆ ಪುಟ ಪುಟಕ್ಕೂ ಗುಂಡು ಮೊಹರು, ನವೀಕರಣದ ತಾರೀಕು, ಯಾವ ಯಾವ ಕಾಲದಲ್ಲೋ ಇದ್ದ ಪೊಲೀಸ್ ಅಧಿಕಾರಿಗಳ ರುಜು. ಶಾಯಿ ಬಣ್ಣ ಬದಲಾಗುತ್ತಾ ಬಂದಿರುತ್ತದೆ. ಪುಟ ಸಾಲದೆ ಹೊಸ ಪುಸ್ತಕವನ್ನು ಹಳೆಯದಕ್ಕೆ ದಾರದಲ್ಲಿ ಹೊಲಿದಿರುತ್ತಾರೆ. ಮೊದಲು ವರ್ಷ ವರ್ಷವೂ ನವೀಕರಿಸಬೇಕಿತ್ತು, ಆಮೇಲೆ ಅವಧಿ ಐದು ವರ್ಷವಾಯಿತು. ಹುಟ್ಟಿದೂರು, ವಸಾಹತು, ಕ್ಯಾಂಪಿನ ನಂಬರು, ಎಲ್ಲ ನಮೂದು. ನನ್ನ ಹತ್ತಿರವಾಗಲಿ ನಿಮ್ಮ ಹತ್ತಿರವಾಗಲಿ ಇಂಥ ಒಂದು ಪುಸ್ತಕ ಇದೆಯೇ? ಇಲ್ಲ.

ಆದರೆ ಆ ಪುಸ್ತಕದ ಮೊದಲ ಪುಟದಲ್ಲೇ ಇವರು ವಿದೇಶಿಯರು ಎಂದಿದೆ. ಇಲ್ಲಿ ವಾಸವಿದ್ದದ್ದಕ್ಕೆ ಉತ್ತಮ ಪುರಾವೆಯೇ ಇವರು ನಮ್ಮವರಲ್ಲ ಎನ್ನುವುದಕ್ಕೂ ಪುರಾವೆ. ನಮ್ಮ ಪೌರತ್ವ ಕಾಯ್ದೆಯ 3ನೇ ಕಲಮಿನ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದ ನೆಲದಲ್ಲಿ ಹುಟ್ಟಿದವರೆಲ್ಲ ಹುಟ್ಟಿನಿಂದಲೇ ಭಾರತೀಯರು. ತಂದೆತಾಯಿ ಯಾರು ಎಂದು ಕಾಯ್ದೆ ಕೇಳುವುದಿಲ್ಲ. ಅಂದಮೇಲೆ ಬೈಲಕುಪ್ಪೆಯಲ್ಲಿ 1970ರಲ್ಲಿ ಹುಟ್ಟಿದ ಮಗು ಭಾರತೀಯ ಪೌರನೇ. ಅರ್ಜಿಯೇ ಬೇಡ. ಹೀಗಿದ್ದೂ ದಶಕಗಳ ಕಾಲ ಅವರಿಗೆ ಪಾಸ್‌ಪೋರ್ಟು ಸಿಗಲಿಲ್ಲ. 2010ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ನಮ್‌ಗ್ಯಾಲ್ ಡೋಲ್ಕರ್ ಪ್ರಕರಣದಲ್ಲಿ ಮೊದಲ ತೀರ್ಪು ಕೊಟ್ಟಿತು: ಈ ನೆಲದಲ್ಲಿ ಹುಟ್ಟಿದವರು ನಿರಾಶ್ರಿತರ ಕಾಗದ ಪಡೆದ ಮಾತ್ರಕ್ಕೆ ಪೌರತ್ವ ಬಿಟ್ಟುಕೊಟ್ಟಂತಾಗದು. 2013ರ ಆಗಸ್ಟಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟೂ ಅದೇ ಹಾದಿ ಹಿಡಿಯಿತು. 2014ರಲ್ಲಿ ಚುನಾವಣಾ ಆಯೋಗ ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸಿ ಎಂದಿತು. 2016ರಲ್ಲಿ ದೆಹಲಿ ಹೈಕೋರ್ಟು ಮತ್ತೊಮ್ಮೆ ಹೇಳಿದ ಮೇಲೆ 2017ರಲ್ಲಿ ವಿದೇಶಾಂಗ ಸಚಿವಾಲಯ ಪಾಸ್‌ಪೋರ್ಟು ಕೊಡಲು ಒಪ್ಪಿತು.

ಒಪ್ಪಿತು, ಆದರೆ ಷರತ್ತು ಹಾಕಿತು. ಆರ್‌ಸಿ ಮತ್ತು ಪ್ರಯಾಣದ ಗುರುತು ಪುಸ್ತಕ ಎರಡನ್ನೂ ರದ್ದು ಮಾಡಿಸಬೇಕು. ಧರ್ಮಶಾಲೆಯಲ್ಲಿರುವ ಟಿಬೆಟನ್ ಆಡಳಿತದ ಸವಲತ್ತು ಪಡೆಯುತ್ತಿಲ್ಲವೆಂದು, ನಿರಾಶ್ರಿತರಿಗೆ ಸಿಗುವ ರಿಯಾಯಿತಿ ಬಿಟ್ಟಿದ್ದೇನೆಂದು ಬರೆದುಕೊಡಬೇಕು. ಜೊತೆಗೆ, ನಿರಾಶ್ರಿತರ ವಸಾಹತಿನಲ್ಲಿ ವಾಸವಿರಬಾರದು. ಪೌರತ್ವಕ್ಕಾಗಿ ವಾಸದ ಪುರಾವೆ ಕೇಳುವ ದೇಶ ಇಲ್ಲಿ ವಾಸ ಬಿಟ್ಟ ಪುರಾವೆ ಕೇಳಿತು! ಹುಟ್ಟಿದ ಮನೆ ಇರುವುದು ವಸಾಹತಿನಲ್ಲಿ, ಅಪ್ಪ ಅಮ್ಮ ಇರುವುದು ಅಲ್ಲಿ, ಉಳುವ ಹೊಲ ಇರುವುದು ಅಲ್ಲಿ. ಹೊಲವೂ ತಮ್ಮದಲ್ಲ, ನೆಲ ಸರ್ಕಾರದ್ದು, ಪಹಣಿಯಲ್ಲಿ ಇವರ ಹೆಸರು ಬರುವುದಿಲ್ಲ. ವಸಾಹತು ಬಿಟ್ಟರೆ ಕುಶಾಲನಗರದಲ್ಲೋ ಮೈಸೂರಿನಲ್ಲೋ ಬಾಡಿಗೆ ಮನೆ ಹಿಡಿದು, ಬಾಡಿಗೆ ಕರಾರು ಮಾಡಿಸಿ, ಹೊಸ ವಿಳಾಸಕ್ಕೆ ಮತ್ತೆ ಕಾಗದ ಜೋಡಿಸಬೇಕು. ಹುಟ್ಟಿನಿಂದ ಬಂದ ಹಕ್ಕನ್ನು ವಿಳಾಸಕ್ಕೆ ಗಂಟು ಹಾಕಿದ್ದು ನನಗೆ ಸರಿ ಕಾಣುವುದಿಲ್ಲ. ನಿರಾಶ್ರಿತರ ಸವಲತ್ತು ಬಿಡಿ ಎನ್ನುವುದು ನ್ಯಾಯ; ತಾಯಿಯ ಮನೆ ಬಿಡಿ ಎನ್ನುವುದು ನ್ಯಾಯವಲ್ಲ.

ಅಲ್ಲಿ ಹುಟ್ಟಿನ ಪುರಾವೆಯೂ ಸುಲಭವಿಲ್ಲ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕೂ ಮುಂಚೆ ಕ್ಯಾಂಪಿನ ಗುಡಾರದಲ್ಲಿ ಹುಟ್ಟಿದ ಮಗುವಿಗೆ ಯಾರು ಸರ್ಟಿಫಿಕೇಟು ಕೊಟ್ಟಾರು? ಟಿಬೆಟಿಯನ್ನರಲ್ಲಿ ನಮ್ಮ ಹಾಗೆ ಮನೆತನದ ಹೆಸರು ಬಳಸುವ ರೂಢಿಯಿಲ್ಲ. ಅಪ್ಪನ ಹೆಸರಿಗೂ ಮಗನ ಹೆಸರಿಗೂ ಒಂದಕ್ಷರದ ಸಂಬಂಧ ಇರುವುದಿಲ್ಲ. ತೆನ್‌ಜಿನ್ ಎಂಬ ಹೆಸರಿನವರು ಒಂದೇ ತರಗತಿಯಲ್ಲಿ ಹತ್ತು ಮಂದಿ ಇರುತ್ತಾರೆ. ಇವರು ಇವರ ಮಗ ಎಂದು ಕಾಗದದಲ್ಲಿ ತೋರಿಸಲು ಶಾಲೆಯ ದಾಖಲಾತಿ ಪುಸ್ತಕವೇ ಗತಿ. ಎಲ್ಲರೂ ಪೌರತ್ವಕ್ಕೆ ಮುಗಿಬಿದ್ದಿದ್ದಾರೆ ಎಂದೂ ತಿಳಿಯಬೇಡಿ. ಒಂದಲ್ಲ ಒಂದು ದಿನ ಟಿಬೆಟ್ಟಿಗೆ ಮರಳುತ್ತೇವೆ ಎಂದು ಆರ್‌ಸಿಯನ್ನೇ ಹಿಡಿದು ಕೂತ ಹಿರಿಯರಿದ್ದಾರೆ. ಅರ್ಜಿ ಹಾಕುವುದು ಬಿಡುವುದು ಅವರವರ ಇಷ್ಟ ಎಂಬುದು ಧರ್ಮಶಾಲೆಯ ಟಿಬೆಟನ್ ಆಡಳಿತದ ನಿಲುವು.

ರಾಯಚೂರು ಜಿಲ್ಲೆಯ ಸಿಂಧನೂರಿನ ಕಥೆ ಬೇರೆ. ತುಂಗಭದ್ರಾ ಕಾಲುವೆಯ ನೀರು ಹರಿಯುವ ಆ ಸೀಮೆಯಲ್ಲಿ ಆರ್.ಎಚ್. ಕ್ಯಾಂಪ್ ಎಂದು ಕರೆಯುವ ಪುನರ್ವಸತಿ ಊರುಗಳಿವೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಹಿಂದೂಗಳನ್ನು ಅಲ್ಲಿ ನೆಲೆಗೊಳಿಸಿದರು. 2019ರ ಪೌರತ್ವ ತಿದ್ದುಪಡಿ ಕಾಯ್ದೆಯಡಿ, ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ 11 ವರ್ಷದ ವಾಸವನ್ನು 5 ವರ್ಷಕ್ಕೆ ಇಳಿಸಿದರು. ಮುಸ್ಲಿಮರನ್ನು ಬಿಟ್ಟದ್ದು ಸರಿಯೇ ಎಂಬ ದೊಡ್ಡ ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ಈ ಹೊತ್ತಿನ ಮಾತು ಅದರ ಬಗ್ಗೆ ಅಲ್ಲ. ಪುರಾವೆಯ ಮಟ್ಟಿಗೆ ಹೇಳುವುದಾದರೆ, 2024ರ ಮಾರ್ಚ್ 11ರಂದು ಬಂದ ನಿಯಮಗಳು ಸಾಕಷ್ಟು ಉದಾರವಾಗಿವೆ. 2014ರ ಆ ದಿನಾಂಕದ ಒಳಗೆ ಬಂದದ್ದನ್ನು ತೋರಿಸಲು ಉದ್ದನೆಯ ಪಟ್ಟಿ ಕೊಟ್ಟಿದ್ದಾರೆ: ಪಡಿತರ ಚೀಟಿ, ಕರೆಂಟ್ ಬಿಲ್ಲು, ಚಾಲನಾ ಪರವಾನಗಿ, ವಿಮಾ ಪಾಲಿಸಿ, ಶಾಲೆ ಬಿಟ್ಟ ಪತ್ರ, ಮದುವೆಯ ಪ್ರಮಾಣಪತ್ರ, ಕೊನೆಗೆ ಜನಗಣತಿಯವರು ಕೊಟ್ಟ ಚೀಟಿ ಕೂಡ. ಜನಗಣತಿಯ ಚೀಟಿಯನ್ನು ಜೋಪಾನ ಮಾಡಿದ ಮನೆಯನ್ನು ನಾನಂತೂ ಕಂಡಿಲ್ಲ! ಅವಧಿ ಮುಗಿದ ಕಾಗದವಾದರೂ ನಡೆಯುತ್ತದೆ. ಪರಿಶೀಲನೆಯನ್ನು ಜಿಲ್ಲಾಧಿಕಾರಿಗೆ ಬಿಡದೆ ಅಂಚೆ ಇಲಾಖೆಯ ಸೂಪರಿಂಟೆಂಡೆಂಟರ ಸಮಿತಿಗೆ ವಹಿಸಿದರು. 2024ರಲ್ಲಿ ಸಿಂಧನೂರಿನ ಕ್ಯಾಂಪಿನ ಕೆಲವರಿಗೆ ಪೌರತ್ವ ಬಂತು. ಕರೆಂಟ್ ಬಿಲ್ಲು ಒಬ್ಬರಿಗೆ ಸಾಕ್ಷಿಯಾಗುವುದಾದರೆ ಉಳಿದ ಅರ್ಜಿದಾರರ ಕಡತದಲ್ಲೂ ಅದಕ್ಕೆ ಅಷ್ಟೇ ಬೆಲೆ ಇರಬೇಕು ಎಂದು ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ಪುರಾವೆಯ ಭಾರ ಎಷ್ಟಾಗಬಹುದು ಎನ್ನುವುದನ್ನು ಅಸ್ಸಾಮು ತೋರಿಸಿತು. ಅಲ್ಲಿ ಇಡೀ ರಾಜ್ಯದ ಜನ, ತಾವೋ ತಮ್ಮ ಹಿರಿಯರೋ 1971ರ ಮಾರ್ಚ್ 24ರ ನಡುರಾತ್ರಿಗೆ ಮುಂಚೆ ಅಲ್ಲಿದ್ದರು ಎಂದು ತೋರಿಸಬೇಕಾಯಿತು. 2019ರ ಆಗಸ್ಟ್ 31ಕ್ಕೆ ಪೌರರ ಕೊನೆಯ ಪಟ್ಟಿ ಬಂದಾಗ 19 ಲಕ್ಷಕ್ಕೂ ಹೆಚ್ಚು ಮಂದಿ ಹೊರಗುಳಿದರು. ಹೆಚ್ಚು ಪೇಚಾಡಿದ್ದು ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳು. ಶಾಲೆಗೆ ಹೋಗಿಲ್ಲ, ಜನನ ಪತ್ರವಿಲ್ಲ, ಮತದಾರರ ಪಟ್ಟಿಗೆ ಸೇರಿದ್ದು ಗಂಡನ ಊರಿನಲ್ಲಿ. ತಂದೆಯ ಮಗಳು ಎನ್ನಲು ಪಂಚಾಯತಿ ಕಾರ್ಯದರ್ಶಿ ಕೊಟ್ಟ ಪತ್ರವೊಂದೇ ಕೈಯಲ್ಲಿತ್ತು. ಗುವಾಹಟಿ ಹೈಕೋರ್ಟು ಆ ಪತ್ರ ನಡೆಯದು ಎಂದಿತು. 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಪರಿಶೀಲಿಸಿ ಒಪ್ಪಬಹುದು ಎಂದು ಅದನ್ನು ಉಳಿಸಿತು. ನಮ್ಮ ಕರಾವಳಿಯ ಆ ಸೊಸೆಗೂ ಅಸ್ಸಾಮಿನ ಈ ಸೊಸೆಯರಿಗೂ ಕಷ್ಟ ಒಂದೇ.

ಹೊರದೇಶದಲ್ಲಿರುವ ನಮ್ಮ ಮಕ್ಕಳೂ ಇದೇ ಪರೀಕ್ಷೆ ಬರೆಯುತ್ತಾರೆ, ಪ್ರಶ್ನೆಪತ್ರಿಕೆ ಮಾತ್ರ ಬೇರೆ. ಕೆನಡಾದಲ್ಲಿ ಹಿಂದಿನ ಐದು ವರ್ಷಗಳಲ್ಲಿ 1,095 ದಿನ ಅಲ್ಲಿದ್ದದ್ದನ್ನು ತೋರಿಸಬೇಕು. ಬ್ರಿಟನ್ನಿನಲ್ಲಿ ಹೊರಗಿದ್ದ ದಿನ ಎಣಿಸುತ್ತಾರೆ: ಐದು ವರ್ಷಗಳಲ್ಲಿ 450 ದಿನ ಮೀರಬಾರದು, ಕೊನೆಯ ವರ್ಷದಲ್ಲಿ 90 ದಿನ ಮೀರಬಾರದು. ಅಮೆರಿಕದಲ್ಲಿ ಗ್ರೀನ್ ಕಾರ್ಡಿನ ಮೇಲೆ ಐದು ವರ್ಷ ಕಳೆದವರು ಅದರಲ್ಲಿ ಕನಿಷ್ಠ 30 ತಿಂಗಳು ನೆಲದ ಮೇಲೆ ಇದ್ದಿರಬೇಕು. ಹಬ್ಬಕ್ಕೆ ಊರಿಗೆ ಬಂದದ್ದು, ತಂಗಿಯ ಮದುವೆಗೆ ಬಂದದ್ದು, ಅಪ್ಪನ ತಿಥಿಗೆ ಬಂದದ್ದು ಎಲ್ಲ ಒಂದೊಂದಾಗಿ ಕಳೆಯಬೇಕು. "ಅಮ್ಮಾ, ನನ್ನ ಹಳೇ ಪಾಸ್‌ಪೋರ್ಟು ಬೀರುವಿನಲ್ಲಿದೆಯಾ ನೋಡು, ಮುದ್ರೆ ಇರೋ ಪುಟದ ಫೋಟೋ ಕಳಿಸು" ಎಂದು ಟೊರಾಂಟೊದಿಂದ ದಾವಣಗೆರೆಗೆ ಫೋನು ಬರುವುದು ಅದಕ್ಕೇ. ಆ ದೇಶಗಳಲ್ಲಿ ಬಾಡಿಗೆ, ಸಂಬಳ, ತೆರಿಗೆ ಎಲ್ಲದಕ್ಕೂ ಕಾಗದ ತಾನಾಗಿ ಹುಟ್ಟುತ್ತದೆ; ದಿನದ ಲೆಕ್ಕ ತಪ್ಪದಿದ್ದರೆ ಮುಗಿಯಿತು. ನಮ್ಮಲ್ಲಿ ಜೀವನವೆಲ್ಲ ನಗದಿನಲ್ಲಿ, ಬಾಯಿಮಾತಿನಲ್ಲಿ. ಅದಕ್ಕೇ ನಮ್ಮಲ್ಲಿ ಮಹಜರು ಬೇಕಾಗುತ್ತದೆ, ನೆರೆಯವರ ಹೇಳಿಕೆ ಬೇಕಾಗುತ್ತದೆ.

ಮಹಜರು ಎಂದರೆ ಗ್ರಾಮ ಆಡಳಿತ ಅಧಿಕಾರಿ ಊರಿಗೆ ಹೋಗಿ, ಪಂಚರನ್ನು ಕೂರಿಸಿ, ಅವರೆದುರು ಕೇಳಿ ಬರೆದುಕೊಳ್ಳುವುದು. ಕಾಗದವಿಲ್ಲದ ಬಡವರಿಗೆ ಅದೊಂದು ದೊಡ್ಡ ಆಸರೆ. ಆದರೆ ಈಚೆಗೆ ಮಹಜರುಗಳು ಕಚೇರಿಯಲ್ಲೇ ಕೂತು ಬರೆದವು ಆಗುತ್ತಿವೆ. ಮೊದಲೇ ಅಚ್ಚು ಹಾಕಿಸಿದ ವಾಕ್ಯ, ಖಾಲಿ ಬಿಟ್ಟ ಜಾಗದಲ್ಲಿ ಹೆಸರು. ನೆರೆಮನೆಯವರು ಏನು ಹೇಳಿದರು ಎಂಬುದು ಅವರ ಮಾತಿನಲ್ಲೇ ಬರಬೇಕು; ಯಾವ ವರ್ಷದ ಮಳೆಗಾಲದಲ್ಲಿ ಬಂದರು, ಯಾರ ಮದುವೆಯಲ್ಲಿ ಕಂಡೆವು, ಯಾವ ಅಂಗಡಿಯಲ್ಲಿ ಸಾಲ ಬರೆಸುತ್ತಿದ್ದರು ಎಂಬುದು ಬರಬೇಕು. ಅಂಥ ಮಹಜರು ಮೇಲಿನ ಕಚೇರಿಯಲ್ಲೂ ನಿಲ್ಲುತ್ತದೆ. ಅಚ್ಚು ಹಾಕಿದ ವಾಕ್ಯವನ್ನು ದೆಹಲಿಯಲ್ಲಿ ಯಾರೂ ಓದುವುದಿಲ್ಲ.

ಇನ್ನು ಕೇಳುಗರಲ್ಲಿ ಕೆಲವರಿಗೆ ನೇರವಾಗಿ ಒಂದೆರಡು ಮಾತು.

ಮನೆ ಮಾಲೀಕರೇ, ವಿದೇಶಿಯರಿಗೆ ಮನೆ ಕೊಟ್ಟರೆ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವ ವರದಿ ಇದೆ; ಸಿ-ಫಾರಂ ಎಂದು ಜನ ಕರೆಯುವುದು ಅದನ್ನೇ. 2025ರ ಸೆಪ್ಟೆಂಬರಿನಿಂದ ಹಳೆಯ ಕಾಯ್ದೆಗಳ ಜಾಗದಲ್ಲಿ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ, ಈ ಜವಾಬ್ದಾರಿ ಹಾಗೇ ಉಳಿದಿದೆ. ಅದನ್ನು ತಪ್ಪಿಸಬೇಡಿ. ತೆರಿಗೆ ಬೀಳುತ್ತದೆಂದು ಬಾಡಿಗೆಗೆ ರಸೀದಿ ಕೊಡದೆ ಇರಬೇಡಿ. ನಿಮ್ಮ ಒಂದು ರಸೀದಿ ಪುಸ್ತಕ ಒಬ್ಬರ ಏಳು ವರ್ಷವನ್ನು ಹೇಳಬಲ್ಲದು.

ಮುಖ್ಯೋಪಾಧ್ಯಾಯರೇ, ಹಳೆಯ ದಾಖಲಾತಿ ಪುಸ್ತಕಗಳನ್ನು ಗೆದ್ದಲಿಗೆ ಬಿಡಬೇಡಿ. ಬೈಲಕುಪ್ಪೆಯಾಗಲಿ ಸಿಂಧನೂರಾಗಲಿ, ಯಾರಾದರೂ ನಕಲು ಕೇಳಿ ಬಂದರೆ ಅಲೆದಾಡಿಸಬೇಡಿ. ಅದು ಅವರಿಗೆ ಸಿಗಬೇಕಾದ ದಾಖಲೆ.

ಅರ್ಜಿ ಹಾಕಬೇಕೆಂದು ಇರುವವರು, ಇವತ್ತೇ ಒಂದು ಫೈಲು ಮಾಡಿ. ತಾಯಿ ಕಾರ್ಡು, ಆಸ್ಪತ್ರೆಯ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕು, ಹಳೆಯ ಪಾಸ್‌ಪೋರ್ಟು, ನವೀಕರಿಸಿದ ಪ್ರತಿಯೊಂದು ಪರವಾನಗಿ ಅದರಲ್ಲಿ ತಾರೀಕಿನ ಕ್ರಮದಲ್ಲಿ ಇರಲಿ. ದೇಶ ಬಿಟ್ಟು ಹೋದ ದಿನ, ಬಂದ ದಿನ ಒಂದು ಹಾಳೆಯಲ್ಲಿ ಬರೆದಿಡಿ. ಕರೆಂಟಿನ ಬಿಲ್ಲಾಗಲಿ ನೀರಿನ ಬಿಲ್ಲಾಗಲಿ, ಒಂದನ್ನಾದರೂ ಸೊಸೆಯ ಹೆಸರಿಗೆ ಮಾಡಿಸಿ. ದಲ್ಲಾಳಿಗಳು ಮಾಡಿಸಿಕೊಡುತ್ತೇನೆಂದ ಮತದಾರರ ಚೀಟಿಯನ್ನು ಮಾತ್ರ ಮುಟ್ಟಬೇಡಿ.